ಒಲೆಗೆ ಬೆನ್ನು ಹಾಕಿ ಕೂತ ವರ್ಷ

ಹೋದ ವರ್ಷ ಶಿಕಾರಿಪುರದಲ್ಲಿ ಸಂಬಂಧಿಕರ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರ್ ಅರ್ಧ ಗಂಟೆ ಎಂದ. ಸರ್ಕಾರಿ ಅರ್ಧ ಗಂಟೆ ಎಷ್ಟು ಉದ್ದವಿರುತ್ತದೆ ಎಂಬುದು ಈ ವಯಸ್ಸಿಗೆ ಗೊತ್ತಿರುವುದರಿಂದ ಕೆಳಗಿಳಿದು ನೆರಳು ಹುಡುಕಿದೆ. ನಿಲ್ದಾಣದ ಹಿಂಬದಿಯಲ್ಲಿ ಒಂದು ಸಣ್ಣ ಖಾನಾವಳಿ ಇತ್ತು. ಒಳಗಿಂದ ಜೋಳದ ರೊಟ್ಟಿಯ ವಾಸನೆ ಬಂತು. ಹೆಂಚಿನಿಂದ ತೆಗೆದು ಕೆಂಡದ ಪಕ್ಕ ನಿಲ್ಲಿಸಿದಾಗ ರೊಟ್ಟಿಯ ಅಂಚು ಒಂದಿಷ್ಟು ಸೀಯುತ್ತದಲ್ಲ, ಆ ವಾಸನೆ. ನಾನು ಹೊರಗಿದ್ದ ಕಲ್ಲಿನ ಮೇಲೆ ಕೂತುಬಿಟ್ಟೆ. ಒಳಗಿನ ಹೆಂಗಸು ಬಾಗಿಲಿಗೆ ಬಂದು, "ಊಟ ಏನ್ರೀ ಅಮ್ಮಾ?" ಎಂದಳು. "ಊಟ ಬೇಡವ್ವ, ವಾಸನೆ ಸಾಕು" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ತಲೆ ಕೆಟ್ಟ ಮುದುಕಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ವರ್ಷ ನಾನು ಈ ವಾಸನೆಗೆ ಬೆನ್ನು ಹಾಕಿಕೊಂಡು ಕೂತಿದ್ದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಬೆನ್ನು ಹಾಕಿಕೊಂಡೇ ಕೂತಿದ್ದೆ. ನನ್ನ ಬದುಕಿನಲ್ಲಿ ಮತ್ತೆ ಬೇಕು ಅನ್ನಿಸುವ ವರ್ಷ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ.

ನನ್ನನ್ನು ಮೊದಲು ಕೊಟ್ಟದ್ದು ಸೊರಬ ತಾಲ್ಲೂಕಿನ ಒಂದು ಹಳ್ಳಿಗೆ. ಕುಪ್ಪಗಡ್ಡೆಯಿಂದ ಒಂದು ಹಳ್ಳ ದಾಟಿದರೆ ಊರು. ಎಲ್ಲವೂ ಹುಲ್ಲಿನ ಮನೆಗಳು. ಗಂಡ ರುದ್ರಪ್ಪ ಹೆಚ್ಚು ಮಾತಿನವನಲ್ಲ, ಎತ್ತುಗಳ ಜೊತೆ ಮಾತ್ರ ಬಾಯಿ ತುಂಬ ಮಾತಾಡುತ್ತಿದ್ದ. ಮಕ್ಕಳಾಗಿರಲಿಲ್ಲ. ಸುಗ್ಗಿ ಮುಗಿದು ಬಿಸಿಲು ಏರಿದ್ದ ಒಂದು ಮಧ್ಯಾಹ್ನ ಕಣದ ಬಣವೆಗೆ ಬೆಂಕಿ ಬಿತ್ತು. ಯಾರೋ ಪಕ್ಕದ ಮನೆಯಿಂದ ಕರಟದಲ್ಲಿ ಕೆಂಡ ತರುವಾಗ ಕಿಡಿ ಹಾರಿತೆಂದರು, ಯಾರೋ ಬೀಡಿ ತುಂಡು ಎಂದರು. ಗಾಳಿ ಜೋರಾಗಿತ್ತು. ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ನಾನು ಓಡಿ ಬರುವಷ್ಟರಲ್ಲಿ ನಮ್ಮ ಸೂರು ಹೊತ್ತಿಕೊಂಡಿತ್ತು. ರುದ್ರಪ್ಪ ಕೊಟ್ಟಿಗೆಗೆ ನುಗ್ಗಿ ಎತ್ತುಗಳ ಹಗ್ಗ ಕೊಯ್ದ. ಎತ್ತುಗಳು ಹೊರಗೆ ಬಂದವು. ಅವನು ಬರುವ ಮೊದಲೇ ಸೂರು ಕುಸಿಯಿತು. ಜನ ನೀರು ಎರಚಿದರು, ಮಣ್ಣು ಎರಚಿದರು, ಬಾಳೆದಿಂಡು ಕಡಿದು ಹಾಕಿದರು. ಏನು ಮಾಡಿದರೂ ಅದು ಆರಲಿಲ್ಲ. ಉರಿಯಲು ಏನೂ ಉಳಿಯದಿದ್ದಾಗ ತಾನೇ ನಿಂತಿತು. ನಾನು ಕೊನೆಯವರೆಗೆ ನೋಡುತ್ತಲೇ ಇದ್ದೆ. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಇವತ್ತಿಗೂ ಹೇಳಲಾರೆ.

ಆಮೇಲೆ ನನಗೆ ಬೆಂಕಿ ನೋಡಲು ಆಗದಾಯಿತು. ಒಲೆಯ ಬೆಂಕಿ ಇರಲಿ, ದೇವರ ಮುಂದಿನ ದೀಪಕ್ಕೂ ಮುಖ ತಿರುಗಿಸುತ್ತಿದ್ದೆ. ಕಡ್ಡಿ ಗೀರುವ ಸದ್ದಿಗೆ ಮೈ ಬೆವರುತ್ತಿತ್ತು, ಕೈಕಾಲು ಕಲ್ಲಾಗುತ್ತಿದ್ದವು. ತವರಿನಲ್ಲಿ ಅತ್ತಿಗೆ ಕೆಲವು ದಿನ ನೋಡಿದಳು. ಒಲೆ ಹಚ್ಚದ, ಅನ್ನ ಇಳಿಸದ ಹೆಂಗಸನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡುವುದೆಂದು ಅಣ್ಣನನ್ನು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಶಿಕಾರಿಪುರದಲ್ಲಿದ್ದ ನಮ್ಮ ಚಿಕ್ಕಮ್ಮ ಸಿದ್ದಮ್ಮ ಬಂದು, "ನೀಲಾ, ಟ್ರಂಕು ಎಲ್ಲಿ ಐತೆ?" ಎಂದಳು. ಟ್ರಂಕೂ ಸುಟ್ಟುಹೋಗಿತ್ತೆಂಬುದು ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಉಟ್ಟ ಸೀರೆಯಲ್ಲೇ ಅವಳ ಹಿಂದೆ ಬಸ್ಸು ಹತ್ತಿದೆ.

ಶಿಕಾರಿಪುರ ನಮ್ಮ ಕಡೆಯಂತಲ್ಲ. ಅಲ್ಲಿ ಆಕಾಶ ದೊಡ್ಡದು. ಮಳೆ ಬಂದರೆ ಬಂದು ಹೋಗುತ್ತದೆ, ನಮ್ಮೂರಿನ ಮಳೆಯ ಹಾಗೆ ಕೂತುಕೊಳ್ಳುವುದಿಲ್ಲ. ಸಂತೆಯ ದಿನ ಬಳ್ಳಿಗಾವಿ ಕಡೆಯ ಗಾಡಿಗಳು, ಕುರಿ ಹೊಡೆದುಕೊಂಡು ಬಂದವರ ಕಂಬಳಿಗಳು, ಪಹಣಿಗೆಂದೋ ಖಾತೆಗೆಂದೋ ತಾಲ್ಲೂಕು ಕಚೇರಿಗೆ ಬಂದು ಬಾಗಿಲು ಕಾಯುವ ರೈತರು. ಈ ಜನರೆಲ್ಲ ಮಧ್ಯಾಹ್ನ ಉಣ್ಣುತ್ತಿದ್ದದ್ದು ಚಿಕ್ಕಮ್ಮನ ಮನೆಯ ಪಕ್ಕದ ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದವರು ಈರವ್ವ ಮತ್ತು ಅವರ ಮಗ ಚನ್ನಬಸಪ್ಪ. ಈರವ್ವನ ಕೈ ಸಣ್ಣದು, ಬಾಯಿ ದೊಡ್ಡದು. ಮಗ ತಾಯಿಗೆ ಉಲ್ಟಾ. ತಂದೆ ತೀರಿಕೊಂಡಾಗಿನಿಂದ ಒಲೆಯ ಮುಂದೆ ಕೂತವರು ಮೂವತ್ತು ದಾಟಿದರೂ ಎದ್ದಿರಲಿಲ್ಲ. ರೊಟ್ಟಿ ಬೇಯಿಸುವ ಗಂಡಸಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬಂದಿರಲಿಲ್ಲ. ಮುಂದೆ ನನ್ನ ಗಂಡನಾದವರ ಹೆಸರು ಹೀಗೆ ಸಲೀಸಾಗಿ ಬರೆಯುತ್ತೇನಲ್ಲ ಎಂದು ಯಾರಾದರೂ ಹುಬ್ಬೇರಿಸಬಹುದು. ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗ ಹೆಸರು ಹೇಳಿದರೆ ಬೇಜಾರೇನೂ ಆಗುವುದಿಲ್ಲ, ಬದಲಿಗೆ ಬಾಯಿಗೆ ಹಿತವಾಗುತ್ತದೆ.

ಆ ವರ್ಷ ಊರಿನಲ್ಲಿ ಸೌದೆಗೆ ತತ್ವಾರ. ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಕಾಡಿಗೆ ಹೋದವರಿಗೆ ಜ್ವರ ಬರುತ್ತಿತ್ತು. ಬೇಸಿಗೆಯಲ್ಲಿ ಸೌದೆ ಕಡಿದು ಇಟ್ಟುಕೊಳ್ಳಬೇಕಾದವರು ಹೆದರಿ ಮನೆಯಲ್ಲಿ ಉಳಿದಿದ್ದರು. ಮಳೆಗಾಲ ಬಂದಾಗ ಎಲ್ಲರ ಮನೆಯಲ್ಲೂ ಹಸಿ ಸೌದೆ, ಹೊಗೆ, ಬೈಗುಳ. ಆಷಾಢದ ಒಂದು ಬೆಳಿಗ್ಗೆ ಖಾನಾವಳಿಯ ಒಲೆ ಆರಿಹೋಯಿತು. ಈರವ್ವ ಕರಟ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಚಿಕ್ಕಮ್ಮ ಹಿತ್ತಲಲ್ಲಿ ಮೀಯುತ್ತಿದ್ದಳು.

"ಒಂಚೂರು ಕೆಂಡ ಕೊಡವ್ವ. ಹಸಿ ಸೌದಿ, ಒಲಿ ಆರಿ ಹೋತು."

ನೆರೆಯವರು ಕೆಂಡ ಕೇಳಿದರೆ ಇಲ್ಲ ಅನ್ನುವುದು ಆಗಿನ ಕಾಲದಲ್ಲಿ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ನಮ್ಮ ಒಲೆಯಲ್ಲಿ ಕೆಂಡ ನಿಗಿನಿಗಿ ಇತ್ತು, ಅದು ಬಾಗಿಲಿಗೇ ಕಾಣುತ್ತಿತ್ತು. ನಾನು ಕಂಬ ಹಿಡಿದು ನಿಂತೆ. ಈರವ್ವ ಕರಟ ಇನ್ನಷ್ಟು ಮುಂದೆ ಚಾಚಿದರು. ನಾನು ಹಿತ್ತಲಿಗೆ ಓಡಿಹೋದೆ.

"ಏನ ಸಿದ್ದಮ್ಮ, ನಿನ್ನ ಅಕ್ಕನ ಮಗಳಿಗೆ ನಮ್ಮ ಮಾರಿ ಕಂಡ್ರ ಓಡಿ ಹೋಗೂವಂಗ ಏನು ಮಾಡೇವಿ ನಾವು?" ಈರವ್ವನ ದನಿ ಮೂರನೇ ಮನೆಗೆ ಕೇಳಿಸಿತು.

ಒದ್ದೆ ಸೀರೆಯಲ್ಲೇ ಓಡಿ ಬಂದ ಚಿಕ್ಕಮ್ಮನಿಗೆ ಆ ಗಳಿಗೆಯಲ್ಲಿ ಏನು ಹೊಳೆಯಿತೋ, "ಅಯ್ಯೋ ಈರವ್ವಕ್ಕಾ, ತಪ್ಪು ತಿಳ್ಕಬ್ಯಾಡ. ಅವಳು ಚಂದ್ರಗುತ್ತಿ ಅಮ್ಮಂಗೆ ಹರಕೆ ಹೊತ್ತಾಳೆ. ಹರಕೆ ತೀರೋ ತಂಕ ಬೆಂಕಿ ಮುಟ್ಟಂಗಿಲ್ಲ" ಎಂದುಬಿಟ್ಟಳು.

ಈರವ್ವ ಹಿಡಿದಿದ್ದ ಕರಟ ಕೆಳಗಿಳಿಯಿತು. "ಮೊದಲ ಹೇಳಬಾರದೇನ?" ಎಂದು ತಮ್ಮ ಗಲ್ಲಕ್ಕೆ ತಾವೇ ಹೊಡೆದುಕೊಂಡರು.

ಅಲ್ಲಿಂದ ನನ್ನ ಪಾಡು ಕೇಳಬೇಡಿ. ಹೆದರಿ ಸತ್ತಿದ್ದವಳು ಒಂದೇ ವಾರದಲ್ಲಿ ಬೀದಿಗೆಲ್ಲ ಪೂಜ್ಯಳಾದೆ. ಹಾಲುಗಲ್ಲದ ಮಕ್ಕಳನ್ನು ತಂದು ನನ್ನ ಮಡಿಲಲ್ಲಿ ಹಾಕಿದರು. ಕರು ಹಾಕದ ಎಮ್ಮೆಯ ಬೆನ್ನು ಸವರಲು ಕರೆದರು. ಎಮ್ಮೆ ಆಮೇಲೆ ಕರು ಹಾಕಿತು, ನನ್ನ ದುರದೃಷ್ಟ. ಗಂಡ ಸತ್ತವಳೆಂದು ಎದುರಿಗೆ ಬರಬೇಡ ಎನ್ನಬೇಕಾದ ಹೆಂಗಸರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಸುಳ್ಳೆಂದು ಹೇಳೋಣವೆಂದರೆ ಚಿಕ್ಕಮ್ಮ ಕಣ್ಣಲ್ಲೇ ಕೈಮುಗಿಯುತ್ತಿದ್ದಳು. ಶ್ರಾವಣದ ಮೊದಲ ಸೋಮವಾರ ಈರವ್ವ ಬಂದು, "ದಿನಾ ಬೆಳಿಗ್ಗೆ ಬಂದು ಮೊದಲನೇ ರೊಟ್ಟಿ ನೀನ ಬಡಿ. ಅಮ್ಮನ ಕೈ ಇದ್ದಂಗ ಆಗತೈತಿ" ಎಂದರು. ನನಗೋ ಅಕ್ಕಿ ರೊಟ್ಟಿ ಗೊತ್ತೇ ಹೊರತು ಜೋಳದ ರೊಟ್ಟಿ ಗೊತ್ತಿರಲಿಲ್ಲ. ಆದರೂ ಚಿಕ್ಕಮ್ಮನ ಮನೆಯಲ್ಲಿ ಕೂತು ಉಣ್ಣುವ ನಾಚಿಕೆ ಕಳೆಯುತ್ತದಲ್ಲ ಎಂದು ಹೋದೆ.

ಚನ್ನಬಸಪ್ಪನವರು ನಾನು ಕೂರುವ ಜಾಗವನ್ನು ಬಾಗಿಲ ಹತ್ತಿರ ಮಾಡಿದ್ದರು. ನನಗೂ ಒಲೆಗೂ ನಡುವೆ ಒಂದು ಹಳೆಯ ತಗಡು ನಿಲ್ಲಿಸಿದ್ದರು. "ಹರಕಿ ಹೊತ್ತವರ ಮ್ಯಾಲೆ ಜಳ ಬೀಳಬಾರದು" ಎಂದು ತಾಯಿಗೆ ಹೇಳಿದ್ದರಂತೆ. ನಾನು ತಗಡಿಗೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದೆ, ಅವರು ಕೈ ಚಾಚಿ ತೆಗೆದುಕೊಂಡು ಆಚೆ ಬೇಯಿಸುತ್ತಿದ್ದರು. ಮೊದಲ ದಿನಗಳ ನನ್ನ ರೊಟ್ಟಿ ಹೇಗಿರುತ್ತಿತ್ತೆಂದರೆ, ಕಚೇರಿಗೆ ಬಂದ ರೈತರೊಬ್ಬರು ಅದನ್ನು ಬೆಳಕಿಗೆ ಹಿಡಿದು, "ಇದು ಯಾವ ಹೋಬಳಿ ನಕ್ಷೆ ರೀ?" ಎಂದು ಕೇಳಿದ್ದರು. ಎಲ್ಲರೂ ನಕ್ಕರು, ಈರವ್ವ ಮಾತ್ರ ನಗಲಿಲ್ಲ. ಬೈಗುಳದಿಂದ ಆಕೆಯ ಬಾಯಿ ಬಿರಿಯುವಷ್ಟು ತುಂಬಿತ್ತು, ಆದರೂ ನುಂಗಿಕೊಂಡರು. ಮೊದಲ ರೊಟ್ಟಿಯೊಂದೇ ಬಡಿಯುವುದು ಎಂದಿದ್ದದ್ದು ಬರುಬರುತ್ತಾ ಮಧ್ಯಾಹ್ನದ ತನಕ ಆಯಿತು. ಹಿಟ್ಟಿಗೆ ಸುಡುನೀರು ಎಷ್ಟು, ಅಂಗೈ ಎಲ್ಲಿ ಒತ್ತಬೇಕು, ರೊಟ್ಟಿ ತಾನೇ ತಿರುಗುವಂತೆ ಬಡಿಯುವುದು ಹೇಗೆ ಎಂದು ಅವರು ತಗಡಿನ ಆಚೆಯಿಂದಲೇ ಹೇಳುತ್ತಿದ್ದರು. ನಾನು ಅವರ ಮುಖಕ್ಕಿಂತ ಮೊದಲು ಅವರ ದನಿಯನ್ನು ಕಲಿತೆ.

ಅವರಿಗೆ ನಿಜ ಗೊತ್ತಿತ್ತು ಎನ್ನುವುದು ನನಗೆ ಬಹಳ ದಿನ ತಿಳಿಯಲಿಲ್ಲ. ತಿಳಿದದ್ದು ಹೀಗೆ. ಸೌದೆಯ ತತ್ವಾರದಲ್ಲಿ ಎಲ್ಲರ ಮನೆಗೂ ಬಿದಿರೇ ಬರುತ್ತಿತ್ತು. ಬಿದಿರು ಉರಿಯುವಾಗ ಗಿಣ್ಣುಗಳು ಪಟಾರೆಂದು ಸಿಡಿಯುತ್ತವೆ. ನಮ್ಮ ಮನೆ ಉರಿದ ದಿನ ಸೂರಿನ ಬಿದಿರು ಸಿಡಿದದ್ದೇ ನನ್ನ ಕಿವಿಯಲ್ಲಿ ಉಳಿದ ಸದ್ದು. ಖಾನಾವಳಿಯಲ್ಲಿ ಮೊದಲ ಸಲ ಗಿಣ್ಣು ಸಿಡಿದಾಗ ನನ್ನ ಕೈ ಹಿಟ್ಟಿನ ಮೇಲೆಯೇ ನಿಂತುಹೋಗಿತ್ತು, ಹಣೆಯ ಬೆವರು ಹಿಟ್ಟಿಗೆ ತೊಟ್ಟಿಕ್ಕಿತ್ತು. ಆಮೇಲೆ ಎಷ್ಟೋ ದಿನಗಳು ಹೋದ ಮೇಲೆ ಯೋಚನೆ ಬಂತು: ಚಿಕ್ಕಮ್ಮನ ಮನೆಯಲ್ಲಿ ದಿನಾ ಸಿಡಿಯುತ್ತದೆ, ಇಲ್ಲಿ ಯಾಕೆ ಸಿಡಿಯುವುದಿಲ್ಲ? ಒಂದು ಬೆಳಿಗ್ಗೆ ಬೇಗ ಹೋದೆ. ಹಿತ್ತಲಲ್ಲಿ ಅವರು ಕೂತು ಬಿದಿರಿನ ಒಂದೊಂದು ತುಂಡನ್ನೂ ಸೀಳಿ, ಗಿಣ್ಣುಗಳನ್ನು ಮಚ್ಚಿನಿಂದ ತೆಗೆದು ಬೇರೆ ರಾಶಿ ಹಾಕುತ್ತಿದ್ದರು. ಮಳೆ ಹನಿಯುತ್ತಿತ್ತು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದರು.

"ಇದು ಯಾಕೆ?" ಎಂದೆ.

ಅವರು ತಲೆ ಎತ್ತಲಿಲ್ಲ. "ಹರಕಿ ಹೊತ್ತವರು ಬೆವರೂದಿಲ್ರೀ" ಎಂದರು. ಇನ್ನೊಂದು ಗಿಣ್ಣು ಕಡಿದು ರಾಶಿಗೆ ಎಸೆದು, "ಅವ್ವಗ ಹೇಳಾಂಗಿಲ್ಲ ಬಿಡ್ರಿ" ಎಂದು ಸೇರಿಸಿದರು.

ನನಗೆ ಅಲ್ಲೇ ನಿಲ್ಲಲಾಗಲಿಲ್ಲ. ಬಾವಿಯ ಕಟ್ಟೆಗೆ ಹೋಗಿ ಕೂತು ಅತ್ತೆ. ರುದ್ರಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಆವತ್ತೇ ನನಗೆ ಅವರ ಮೇಲೆ ಮನಸ್ಸಾಯಿತು, ಇದನ್ನು ಸುತ್ತಿ ಬಳಸಿ ಹೇಳುವುದೇನೂ ಇಲ್ಲ. ಗಂಡ ಸತ್ತು ವರ್ಷವೂ ಆಗಿಲ್ಲ, ಇದೇನು ಬುದ್ಧಿ ಎಂದು ನನಗೆ ನಾನೇ ಬೈದುಕೊಂಡೆ. ಬೈದುಕೊಂಡು ಮಾರನೆಯ ದಿನ ಇನ್ನೂ ಬೇಗ ಹೋದೆ.

ದಸರೆ ಕಳೆದ ಮೇಲೆ ಅವರು ಚಿಕ್ಕಮ್ಮನಲ್ಲಿ ಬಾಯಿಬಿಟ್ಟು ಕೇಳಿದರು. ನಮ್ಮ ಜನರಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡುವ ಪದ್ಧತಿ ಇತ್ತು. ಚಪ್ಪರವಿಲ್ಲ, ವಾದ್ಯವಿಲ್ಲ, ಸೀರೆ ಉಡಿಸಿ, ತಾಳಿ ಕಟ್ಟಿ ಮನೆ ತುಂಬಿಸಿಕೊಂಡರೆ ಮುಗಿಯಿತು. ಆದ್ದರಿಂದ ಅಡ್ಡಿ ಅದಲ್ಲ. ಅಡ್ಡಿ ಚಿಕ್ಕಮ್ಮನ ಬಾಯಿಂದ ಹುಟ್ಟಿದ ಹರಕೆ. ಈರವ್ವ ಖಡಾಖಂಡಿತವಾಗಿ ಹೇಳಿದರು: "ಅಮ್ಮನ ಹರಕಿ ಹೊತ್ತಾಕಿನ್ನ ನಡುವ ಕರಕೊಂಡು ಬಂದ್ರ ನಮ್ಮ ಮನಿ ಉಳೀತೈತೇನ? ಮೊದಲ ಚಂದ್ರಗುತ್ತಿಗೆ ಹೋಗೂಣು. ಆಕಿ ಕೈಯಿಂದನ ಅಮ್ಮಗ ದೀಪ ಹಚ್ಚಿ ಹರಕಿ ತೀರಿಸಲಿ. ಆಮ್ಯಾಲೆ ಮುಂದಿನ ಮಾತು."

ಚಿಕ್ಕಮ್ಮ ಅವತ್ತು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಕಾರ್ತೀಕದ ಒಂದು ಮಂಗಳವಾರ ಈರವ್ವ, ಚಿಕ್ಕಮ್ಮ, ನಾನು ಮೂವರೂ ಹೊರಟೆವು. ಸೊರಬದ ತನಕ ಬಸ್ಸು, ಅಲ್ಲಿಂದ ಗಾಡಿ. ಶಿರಾಳಕೊಪ್ಪ ದಾಟಿದ ಮೇಲೆ ಗಾಳಿಯಲ್ಲಿ ನಮ್ಮ ಕಡೆಯ ಹಸಿ ಮಣ್ಣಿನ ವಾಸನೆ ಬಂತು. ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗಿತ್ತು. ದಾರಿಯುದ್ದಕ್ಕೂ ಈರವ್ವ ಅಮ್ಮನ ಮಹಿಮೆ ಹೇಳಿದರು. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಾ "ಹೌದೌದು" ಎನ್ನುತ್ತಿದ್ದಳು. ಗುಡ್ಡದ ಮೆಟ್ಟಿಲು ಹತ್ತುವಾಗ ಚಿಕ್ಕಮ್ಮನಿಗೆ ಎಲ್ಲಿಲ್ಲದ ಏದುಸಿರು ಬಂದು ಅವಳು ಅರ್ಧದಲ್ಲೇ ಕೂತಳು. ಏದುಸಿರು ನಿಜವೋ ಅಲ್ಲವೋ ಅಮ್ಮನೇ ಬಲ್ಲಳು. ಮೇಲೆ ಗುಹೆಯ ಬಾಯಿಗೆ ಬಂದಾಗ ನಾವಿಬ್ಬರೇ. ಈರವ್ವ ಸೆರಗಿನ ಗಂಟು ಬಿಚ್ಚಿ ಹಣತೆ, ಬತ್ತಿ, ಎಣ್ಣೆ, ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ಹಚ್ಚವ್ವ."

ಬೆಂಕಿಪೊಟ್ಟಣ ತೆರೆದೆ. ಕಡ್ಡಿಗಳೆಲ್ಲ ಕೆಳಗೆ ಚೆಲ್ಲಿದವು. ಆಯ್ದು ತುಂಬಿದೆ, ಮತ್ತೆ ಚೆಲ್ಲಿದವು. ಬೆವರು ಕಣ್ಣಿಗಿಳಿಯಿತು. ದೀಪ ಹಚ್ಚಿದರೆ ಚನ್ನಬಸಪ್ಪನವರು ಸಿಗುತ್ತಾರೆ, ಇಲ್ಲದಿದ್ದರೆ ಇಲ್ಲ. ಅಷ್ಟು ಸರಳ. ಆ ಸರಳ ಕೆಲಸ ನನ್ನ ಕೈಯಿಂದ ಆಗಲಿಲ್ಲ.

"ಅವ್ವಾ, ಹರಕೆ ಇಲ್ಲ" ಎಂದೆ.

"ಏನಂದಿ?"

"ಯಾವತ್ತೂ ಇರಲಿಲ್ಲ. ನಂಗೆ ಬೆಂಕಿ ಅಂದ್ರೆ ಹೆದರಿಕೆ. ಅಷ್ಟೇಯ."

ಈರವ್ವ ಕಲ್ಲಿನ ಮೇಲೆ ಕೂತರು. ನಾನು ಬೈಗುಳಕ್ಕೆ ಕಾದೆ. ಅವರು ಚೆಲ್ಲಿದ ಕಡ್ಡಿಗಳನ್ನು ಆಯ್ದು ಪೊಟ್ಟಣಕ್ಕೆ ತುಂಬಿ ಹೇಳಿದ್ದು ಹೀಗೆ: "ಹಂಗಾರ ಶ್ರಾವಣದಿಂದ ನಿನ್ನ ಆ ದಪ್ಪ ರೊಟ್ಟಿಗೆ ಒಂದು ಮಾತು ಅನ್ನದಂಗ ಬಾಯಿ ಕಟಗೊಂಡು ಕೂತಿದ್ದು ಸುಮ್ಮಸುಮ್ಮನ? ಅಮ್ಮ ಸಿಟ್ಟಾಗ್ತಾಳ ಅಂತ ನಾನು ನುಂಗಿದ್ದ ಬೈಗುಳ ಎಷ್ಟು ಗೊತ್ತೇನ ನಿನಗ? ಹೊಟ್ಟಿ ಉಬ್ಬರಿಸಿ ಹೋಗೇತಿ!"

ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಅವರು ನನ್ನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. ದನಿ ತಗ್ಗಿಸಿ, "ನಿನ್ನ ಗಂಡ ಸುಡೂದನ್ನ ಕಣ್ಣಾರೆ ನೋಡಿದೇನ?" ಎಂದರು.

ಅಲ್ಲಿಯ ತನಕ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಎಲ್ಲರೂ ಪಾಪ ಎಂದಿದ್ದರು, ಹಣೆಬರಹ ಎಂದಿದ್ದರು, ಮರೆತುಬಿಡು ಎಂದಿದ್ದರು. "ಹೂಂ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಎತ್ತುಗಳು ಮೊದಲು ಬಂದದ್ದು, ಬಿದಿರು ಸಿಡಿದದ್ದು, ಎಲ್ಲ. ಈರವ್ವ ಕೊನೆಯ ತನಕ ಕೇಳಿದರು. ಕೇಳಿ, ಹಣತೆಯನ್ನು ನನ್ನಿಂದ ತೆಗೆದುಕೊಂಡು, ನಾನು ಕಾಣದ ಹಾಗೆ ತಿರುಗಿ ಕೂತು ತಾವೇ ಹಚ್ಚಿ ಒಳಗಿಟ್ಟು ಬಂದರು.

ಅಷ್ಟಕ್ಕೇ ಒಪ್ಪಿದರು ಎಂದುಕೊಳ್ಳಬೇಡಿ. ಅವರು ಈರವ್ವ. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು: "ಒಲಿ ನನ್ನ ಮಗ ಹಚ್ಚಲಿ, ನಂದೇನೂ ತಕರಾರಿಲ್ಲ. ಆದ್ರ ಖಾನಾವಳಿ ಮನಿ ನಮ್ಮದು. 'ಒಲಿ ನೋಡಿದ್ರ ಓಡಿಹೋಗ್ತಾಳ' ಅಂತ ನಾಲ್ಕು ಮಂದಿ ಅನ್ನೂ ಸೊಸಿ ನನಗ ಬ್ಯಾಡ. ಮನಿ ತುಂಬೂ ದಿನ ಒಲಿ ಮುಂದ ನಿಂತು ಹಾಲು ಉಕ್ಕಿಸು. ಉಕ್ಕಿಸಿದ್ರ ಸೊಸಿ. ಇಲ್ಲಂದ್ರ ರೊಟ್ಟಿ ಬಡಿಯಾಕ ಬಾ, ಬಡಿದು ಹೋಗು." ಸಾಮಾನ್ಯವಾಗಿ ಉಡಿಕೆಯವಳಿಗೆ ಹಾಲುಕ್ಕಿಸುವ ಶಾಸ್ತ್ರ ಇಡುತ್ತಿರಲಿಲ್ಲ. ಅದನ್ನು ಇಟ್ಟದ್ದು ಪರೀಕ್ಷೆಯೋ ಮರ್ಯಾದೆಯೋ ಎಂದು ನಾನು ಆಮೇಲೆಯೂ ಅವರನ್ನು ಕೇಳಲಿಲ್ಲ. ಎರಡೂ ಇರಬೇಕು.

ಮಾಘದ ತನಕ ಸಮಯವಿತ್ತು. ಚನ್ನಬಸಪ್ಪನವರು ತಗಡನ್ನು ದಿನಕ್ಕಿಷ್ಟು ಎಂದು ಪಕ್ಕಕ್ಕೆ ಸರಿಸತೊಡಗಿದರು, ಗೋಡೆಯ ಮೇಲೆ ಬಿಸಿಲು ಸರಿಯುವಷ್ಟು ನಿಧಾನವಾಗಿ. ಮೊದಲು ಬೆನ್ನಿಗೆ ಜಳ ತಾಕಿತು. ಆಮೇಲೆ ಎದುರು ಗೋಡೆಯ ಮೇಲೆ ಬೆಂಕಿಯ ಬೆಳಕು ಕುಣಿಯುವುದು ಕಂಡಿತು. ಒಂದು ದಿನ ತಿರುಗಿ ಕೂತೆ. ಅವರು ತಟ್ಟನೆ ತಾವೇ ಒಲೆಗೂ ನನಗೂ ನಡುವೆ ಬಂದು ಕೂತರು. ತಗಡು ಹೋದ ಮೇಲೆ ತಗಡಿನ ಕೆಲಸ ಅವರೇ ಮಾಡಿದರು. ಅವರ ಹೆಗಲಿನ ಮೇಲಿಂದ ಕಾಣುವಷ್ಟು ಬೆಂಕಿ ಮಾತ್ರ ನನ್ನ ಪಾಲಿಗೆ. ನಡುವೆ ಒಂದೆರಡು ಸಲ ಎದ್ದು ಓಡಿಹೋದದ್ದೂ ಉಂಟು. ಓಡಿಹೋದರೆ ಅವರು ಹಿಂದೆ ಬರುತ್ತಿರಲಿಲ್ಲ. ನಾನು ಹಿಂತಿರುಗಿದಾಗ ನನ್ನ ಪಾಲಿನ ಹಿಟ್ಟು ಒದ್ದೆ ಬಟ್ಟೆ ಮುಚ್ಚಿಕೊಂಡು ಅಲ್ಲೇ ಇರುತ್ತಿತ್ತು. ಈರವ್ವನೋ, ಈಗ ಹರಕೆಯ ಹೆದರಿಕೆ ಇಲ್ಲವಲ್ಲ, ಶ್ರಾವಣದಿಂದ ಕೂಡಿಟ್ಟದ್ದನ್ನೆಲ್ಲ ನನ್ನ ರೊಟ್ಟಿಯ ಮೇಲೆ ಸುರಿದರು. ಆ ಬೈಗುಳ ನನಗೆ ಎಷ್ಟು ಹಿತವಾಗಿತ್ತೆಂದು ಹೇಗೆ ಹೇಳಲಿ! ಮನೆಯವಳಿಗೆ ಬೈಯುವ ಹಾಗೆ ಬೈಯುತ್ತಿದ್ದರು.

ಇನ್ನೊಂದು ಶಾಸ್ತ್ರ ಬಾಕಿಯಿತ್ತು. ಮದುವೆಯಾಗದ ಗಂಡು ಗಂಡ ಸತ್ತವಳನ್ನು ಕಟ್ಟಿಕೊಳ್ಳಬೇಕಾದರೆ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು. ಆಮೇಲೆ ಹಿರಿಯರು ಗಿಡವನ್ನು ಮುರಿಯುತ್ತಾರೆ. ಅಲ್ಲಿಗೆ ಅವನಿಗೂ ಒಬ್ಬ ಹೆಂಡತಿ ಸತ್ತ ಲೆಕ್ಕ, ಇಬ್ಬರೂ ಸರಿಸಮ. ಉಡಿಕೆಯ ದಿನ ಬೆಳಿಗ್ಗೆ ಕುಮುದ್ವತಿ ಹೊಳೆಯ ದಂಡೆಯಲ್ಲಿ ಅದು ನಡೆಯಿತು. ನಾನು ಹೋಗುವಂತಿರಲಿಲ್ಲ. ತಿರುಗಿ ಬಂದ ಚನ್ನಬಸಪ್ಪನವರ ಮುಖ ಸಪ್ಪಗಿತ್ತು. "ಏನಾಯ್ತು?" ಎಂದೆ. "ಹೂ ಬಿಟ್ಟಿತ್ತು ರೀ ಅದು. ಮುರಿಯೂ ಹೊತ್ತಿಗೆ ಮನಸ್ಸಿಗೆ ಒಂದು ನಮೂನಿ ಆತು" ಎಂದರು. ಆಮೇಲೆ ತಾವೇ ನಕ್ಕು, "ನನ್ನ ದುಃಖ ಒಂದು ತಾಸಿಂದು, ನಿಮ್ಮ ಮುಂದ ಹೇಳಬಾರದು" ಎಂದರು. ಅದುವರೆಗೆ ರುದ್ರಪ್ಪನ ವಿಷಯ ಅವರ ಎದುರು ಎತ್ತಿರಲಿಲ್ಲ. ಅವತ್ತು ಎತ್ತಿದೆ. ಅವನು ಎತ್ತುಗಳ ಜೊತೆ ಮಾತಾಡುತ್ತಿದ್ದ ರೀತಿಯನ್ನು ಹೇಳಿದೆ. ಅವರು ಎತ್ತುಗಳ ಹೆಸರು ಕೇಳಿದರು.

ಮಧ್ಯಾಹ್ನ ಸೀರೆ ಉಡಿಸಿ ತಾಳಿ ಕಟ್ಟಿಸಿದರು. ಉಡಿಕೆಗೆ ಮುತ್ತೈದೆಯರು ಬರಬಾರದು, ಆದರೆ ಬೀದಿಯ ಹೆಂಗಸರಿಗೆ ಹಾಲಿನ ಪರೀಕ್ಷೆಯ ಸುದ್ದಿ ಮುಟ್ಟಿತ್ತು. ಒಳಗೆ ಬರದೆ, ಆಚೆಗೂ ಹೋಗದೆ ಹೊಸಿಲಿನಾಚೆ ಒಬ್ಬರ ಮೇಲೊಬ್ಬರು ನಿಂತಿದ್ದರು. ಹರಕೆ ಸುಳ್ಳೆಂದು ಎಲ್ಲರಿಗೂ ಗೊತ್ತಾಗಿತ್ತು. ಎಮ್ಮೆಯ ಮನೆಯವರಿಗೆ ಮಾತ್ರ ಇನ್ನೂ ನಂಬಿಕೆ ಉಳಿದಿತ್ತು.

ಚನ್ನಬಸಪ್ಪನವರು ಒಲೆ ಹಚ್ಚಿಟ್ಟು ಬದಿಗೆ ಸರಿದಿದ್ದರು. ಅವತ್ತು ಅಡ್ಡ ಕೂರಲು ಈರವ್ವ ಬಿಡಲಿಲ್ಲ. ನಾನು ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟೆ. ಇಟ್ಟದ್ದೇ ದೊಡ್ಡದು. ಇಟ್ಟ ಮೇಲೆ ಹೆಜ್ಜೆ ಹಿಂದಿಡಬೇಕೆಂದರೂ ಕಾಲು ಬರಲಿಲ್ಲ. "ಹಾಲು ನೋಡು, ಬೆಂಕಿ ನೋಡಬ್ಯಾಡ" ಎಂದು ಈರವ್ವ ಪಿಸುಗುಟ್ಟಿದರು. ಹಾಲನ್ನೇ ನೋಡಿದೆ. ಅಂಚಿನಲ್ಲಿ ಗುಳ್ಳೆ ಎದ್ದವು, ಕೆನೆ ಕಟ್ಟಿತು, ಕೆನೆ ಉಬ್ಬಿತು. ಉಕ್ಕಿದ ಕೂಡಲೇ ಸೆರಗಿನಿಂದ ಪಾತ್ರೆ ಹಿಡಿದು ಇಳಿಸಬೇಕು. ನನ್ನ ಕೈ ಏಳಲಿಲ್ಲ. ಹೊಸ ಹೆಣ್ಣಿನ ಹಾಲಿನ ಪಾತ್ರೆಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಹಾಲು ಉಕ್ಕಿತು, ಉಕ್ಕುತ್ತಲೇ ಹೋಯಿತು, ಪಾತ್ರೆಯ ನಾಲ್ಕೂ ಕಡೆಯಿಂದ ಇಳಿದು ಒಲೆಯೊಳಗೆ ಸುರಿಯಿತು. ಸುಂಯ್ ಎಂದು ಸದ್ದಾಯಿತು. ಬೂದಿ ಹಾರಿತು, ಮನೆಯೆಲ್ಲ ಬಿಳಿ ಹೊಗೆ.

"ಅಯ್ಯೋ, ಒಲಿ ಆರಿತು!" ಹೊಸಿಲಿನಾಚೆ ಯಾರೋ ಕೂಗಿದರು. "ಮನಿ ತುಂಬಿದ ದಿನ ಒಲಿ ಆರಿತಲ್ಲವ್ವಾ, ಅಪಶಕುನ!"

ನಾನು ಬಗ್ಗಿ ಒಲೆಯೊಳಗೆ ನೋಡಿದೆ. ಕೆಂಪಾಗಿದ್ದದ್ದು ಕಪ್ಪಾಗಿತ್ತು. ಹಾಲು ಅದರ ಮೇಲೆ ಗುಳುಗುಳು ಎನ್ನುತ್ತಿತ್ತು. ಒಂದು ಚೊಂಬು ಹಾಲು! ಬೆಂಕಿ ಆರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಒಂದು ಚೊಂಬು ಹಾಲಿಗೆ ಅದು ನನ್ನ ಕಣ್ಣೆದುರಿಗೆ ಸತ್ತು ಬಿದ್ದಿತ್ತು. ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಹೊಸ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡೆ, ಅದನ್ನೂ ಮೀರಿ ಬಂತು. ಆ ಬೇಸಿಗೆಯಿಂದ ಒಳಗೆಲ್ಲೋ ಸಿಕ್ಕಿಕೊಂಡಿದ್ದ ನಗು ಪೂರ್ತಿ ಬಂತು. ಕಣ್ಣಿಂದ ನೀರೂ ಬಂತು. ಹೊಗೆಯಲ್ಲಿ ಅವರೂ ನಗುತ್ತಿದ್ದದ್ದು ಕೇಳಿಸಿತು.

ಈರವ್ವ ಸೊಂಟಕ್ಕೆ ಕೈಯಿಟ್ಟು ಹೊಸಿಲಿನ ಕಡೆ ತಿರುಗಿದರು. "ಎಂಥಾ ಅಪಶಕುನ? ಹಾಲು ಉಕ್ಕಿಸು ಅಂದಿದ್ದೆ, ಉಕ್ಕಿಸ್ಯಾಳ. ಹೊಳಿ ಹರಿಸ್ಯಾಳ! ನಿಮ್ಮ ಸೊಸೇರು ಯಾರರ ಇಷ್ಟು ಉಕ್ಕಿಸ್ಯಾರೇನ? ನಡೀರಿ, ನಡೀರಿ, ಮನಿಗೆ ನಡೀರಿ."

ಹೆಂಗಸರು ಚದುರಿದರು. ಮಗನ ಕೈಗೆ ಬೆಂಕಿಪೊಟ್ಟಣ ಕೊಟ್ಟು ಈರವ್ವ ಹಿತ್ತಲಿಗೆ ಹೋದರು. ಚನ್ನಬಸಪ್ಪನವರು ಒದ್ದೆ ಬೂದಿ ಬಳಿದು, ಹೊಸ ಸೌದೆ ಜೋಡಿಸಿ, ಎಂದಿನ ಅಭ್ಯಾಸದಂತೆ ನನಗೂ ಒಲೆಗೂ ನಡುವೆ ಬೆನ್ನು ಅಡ್ಡ ಕೊಟ್ಟು ಕೂತರು. ಕಡ್ಡಿ ತೆಗೆದರು.

"ಸ್ವಲ್ಪ ಆ ಕಡೆ ಸರೀರಿ" ಎಂದೆ. "ನೀವು ಅಡ್ಡ ಕೂತ್ರೆ ನಂಗೆ ಕಾಣಲ್ಲ."

ಅವರು ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಕಡ್ಡಿ ಗೀರಿದರು.